ದೂರು ಕೇಳುವವರಿಲ್ಲದಾಗ ಹ್ಯಾಶ್‌ಟ್ಯಾಗ್ ಹುಟ್ಟುತ್ತದೆ

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. ಅದರ ಬೆನ್ನಿಗೇ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮೀಮ್‌ಗಳು ಶುರುವಾದವು. ಸೀಟಿಗಾಗಿ ಜಗಳ ಆಡುವ ಹೆಂಗಸರು, ಕಿಟಕಿಯಿಂದ ಬಸ್ ಹತ್ತುವ ಹೆಂಗಸರು, ಮನೆಯಲ್ಲಿ ಒಬ್ಬನೇ ಅಡುಗೆ ಮಾಡಿಕೊಳ್ಳುವ ಗಂಡ. ಬಹಳ ಜನ ನಕ್ಕರು, ಇನ್ನೊಬ್ಬರಿಗೆ ಕಳಿಸಿದರು. ಅದೇ ಹೊತ್ತಿಗೆ ರಾಯಚೂರಿನಿಂದ ಸಿಂಧನೂರಿಗೆ, ಕೊಪ್ಪಳದಿಂದ ಗಂಗಾವತಿಗೆ ಹೋಗುವ ಬಸ್ಸುಗಳಲ್ಲಿ ಬೇರೆಯೇ ಒಂದು ಸಂಗತಿ ನಡೆದಿತ್ತು. ಆಸ್ಪತ್ರೆಗೋ ತವರಿಗೋ ಹೋಗಬೇಕೆಂದರೆ ಗಂಡನ ಹತ್ರ ಬಸ್‌ಚಾರ್ಜು ಕೇಳಬೇಕಿದ್ದವಳು ಯಾರನ್ನೂ ಕೇಳದೆ ಹೊರಟಳು. ಸಂತೆಗೆ ಸೊಪ್ಪು ತರುತ್ತಿದ್ದವಳಿಗೆ ದಿನದ ಗಳಿಕೆಯಲ್ಲಿ ಒಂದಿಷ್ಟು ಕೈಯಲ್ಲೇ ಉಳಿಯಿತು.

ಆ ಮೀಮ್ ಇದೆಯಲ್ಲ, ಅದು ಜನಪ್ರಿಯ ಸಂಸ್ಕೃತಿ. ಸಿನಿಮಾ, ಸೀರಿಯಲ್, ಹಾಡು, ಜಾಹೀರಾತು, ರೀಲ್ಸ್ ಎಲ್ಲ ಅದರಲ್ಲೇ ಬರುತ್ತವೆ. ಹೆಣ್ಣು ಮನೆಯಿಂದ ಹೊರಗೆ ಬರುವುದು ನಗುವ ವಿಷಯ ಯಾಕಾಗಬೇಕು ಅಂತ ಕೇಳುವುದು ಸ್ತ್ರೀವಾದ. ಆ ಪ್ರಶ್ನೆಯನ್ನು ಫೋನಿನಲ್ಲಿ, ಊರೆಲ್ಲ ನೋಡುವ ಹಾಗೆ ಕೇಳುವುದು ಆನ್‌ಲೈನ್ ಹೋರಾಟ. ಈಗ ಈ ಮೂರೂ ಒಂದೇ ಪರದೆಯ ಮೇಲೆ ಒಂದರ ಹಿಂದೆ ಒಂದು ಬರುತ್ತವೆ. ನಟಿಯೊಬ್ಬಳ ಪೋಸ್ಟ್, ಅದರ ಕೆಳಗೆ ಬೈಗುಳ, ಅದರ ಕೆಳಗೆ ಮಹಿಳಾ ದಿನದ ಸೋಪಿನ ಜಾಹೀರಾತು, ಅದರ ಕೆಳಗೆ ಯಾರೋ ಹುಡುಗಿ ಅಳುತ್ತಾ ಹೇಳಿಕೊಂಡ ವಿಡಿಯೋ. ಎಲ್ಲವನ್ನೂ ಒಟ್ಟಿಗೆ ನೋಡಿದವರು "ಇದೇ ನೋಡಿ ಫೆಮಿನಿಸಂ" ಅಂತ ಮುಂದಕ್ಕೆ ಹೋಗುತ್ತಾರೆ. ಇವುಗಳನ್ನು ಬಿಡಿಸಿ ನೋಡದಿದ್ದರೆ ಏನೂ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಆ ಮೀಮ್‌ಗೆ ಬಸ್ಸಿನಲ್ಲಿದ್ದ ಹೆಣ್ಣುಮಗಳು ಉತ್ತರ ಕೊಡಲಿಲ್ಲ. ಕೊಡಲು ಅವಳು ಆ ಗುಂಪಿನಲ್ಲಿ ಇರಲೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಣ್ಣುಮಕ್ಕಳು ನೂರಕ್ಕೆ 33. ಗಂಡಸರು 57. ತಾನೇ ಬಳಸುವ ಫೋನ್ ಇರುವ ಹೆಣ್ಣುಮಕ್ಕಳು ನೂರಕ್ಕೆ 54. ನಮ್ಮ ಕಡೆ ಬಹಳ ಮನೆಗಳಲ್ಲಿ ಫೋನ್ ಇದ್ದರೂ ಸಿಮ್ ಗಂಡನ ಹೆಸರಿನಲ್ಲಿ, ರೀಚಾರ್ಜ್ ಮಗನ ಕೈಯಲ್ಲಿ, ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಆನ್‌ಲೈನ್ ಸ್ತ್ರೀವಾದದ ಬಗ್ಗೆ ಯಾರು ಏನೇ ಹೇಳಲಿ, ಈ ಲೆಕ್ಕ ಮರೆಯಬಾರದು.

ಮೀ ಟೂ ಯಾಕೆ ಬಂತು

ಸ್ತ್ರೀವಾದದ ಚರಿತ್ರೆಯನ್ನು ಅಲೆಗಳಾಗಿ ವಿಂಗಡಿಸುವುದು ರೂಢಿ. ಮೊದಲನೆಯದು ವೋಟಿನ ಹಕ್ಕು, ಆಸ್ತಿ ಹಕ್ಕಿನ ಹೋರಾಟ. ಎರಡನೆಯದು 1960, 70ರ ದಶಕದ್ದು: ಸಮಾನ ಕೂಲಿ, ಮನೆಗೆಲಸ, ಗಂಡನ ಹೊಡೆತ. 1990ರ ನಂತರದ ಮೂರನೆಯದು "ಎಲ್ಲ ಹೆಂಗಸರ ಕಷ್ಟ ಒಂದೇ ಅಲ್ಲ" ಅಂದಿತು. 2012ರ ಆಸುಪಾಸಿನಿಂದ ನಡೆದಿರುವುದು ನಾಲ್ಕನೆಯದು, ಇಂಟರ್ನೆಟ್ಟಿನದು. ಇದು ಅಮೆರಿಕ, ಯುರೋಪಿನ ಲೆಕ್ಕ. ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಮನೆ ಬಿಟ್ಟು ಹೊರಟ ನಾಡು ಇದು. ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ನಿಂತಾಗ ಅಮೆರಿಕ, ಯುರೋಪಿನಲ್ಲಿ ಇನ್ನೂ ಅಲೆಗಳ ಲೆಕ್ಕವೇ ಇರಲಿಲ್ಲ. ಆದರೆ ನಾಲ್ಕನೆಯದು ಮಾತ್ರ ಅಲ್ಲಿಗೂ ಇಲ್ಲಿಗೂ ಹೆಚ್ಚುಕಡಿಮೆ ಒಟ್ಟಿಗೇ ಬಂತು, ಯಾಕೆಂದರೆ ಫೋನು ಒಟ್ಟಿಗೇ ಬಂತು.

ಕರ್ನಾಟಕ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಬೀದಿಯಲ್ಲಿ ಹುಡುಗಿಯರಿಗೆ ಆಗುವ ಕಿರುಕುಳದ ಅನುಭವಗಳನ್ನು ಒಟ್ಟು ಮಾಡುವ ಬ್ಲ್ಯಾಂಕ್ ನಾಯ್ಸ್ 2003ರಲ್ಲೇ ಬೆಂಗಳೂರಿನಲ್ಲಿ ಹುಟ್ಟಿತು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದಾಗ, ಅದರ ವಿರುದ್ಧ ಫೇಸ್‌ಬುಕ್‌ನಲ್ಲಿ ಎದ್ದ ಪಿಂಕ್ ಚಡ್ಡಿ (ದಾಳಿ ಮಾಡಿದ ಸಂಘಟನೆಯವರಿಗೆ ಗುಲಾಬಿ ಚಡ್ಡಿ ಕಳಿಸುವ) ಅಭಿಯಾನ ದೇಶದ ತುಂಬ ಹರಡಿತು. ಅದರ ರೀತಿ ಸರಿಯೋ ತಪ್ಪೋ ಅಂತ ಆಗಲೂ ಜಗಳ ನಡೆಯಿತು. ಆದರೆ ಒಬ್ಬರನ್ನೊಬ್ಬರು ನೋಡಿರದ ಸಾವಿರಾರು ಜನ ಕೆಲವೇ ದಿನಗಳಲ್ಲಿ ಒಂದು ಮಾತಿಗೆ ನಿಲ್ಲಬಹುದು ಅಂತ ಅದು ತೋರಿಸಿಕೊಟ್ಟಿತು.

ಹ್ಯಾಶ್‌ಟ್ಯಾಗ್ ಮಾಡುವ ಕೆಲಸ ಇದೇ. ಬೇರೆ ಬೇರೆ ಊರಿನಲ್ಲಿ ಬರೆದದ್ದನ್ನು ಒಂದು ಹೆಸರಿನ ಕೆಳಗೆ ತಂದು ಸೇರಿಸುತ್ತದೆ. ಒಬ್ಬಳು ಹೇಳಿದರೆ "ನೀನೇ ಏನೋ ಮಾಡಿರಬೇಕು" ಅನ್ನುತ್ತಾರೆ. ಅದೇ ಮಾತನ್ನು ಒಂದೇ ದಿನ ಲಕ್ಷ ಜನ ಹೇಳಿದರೆ ಅದು ಒಬ್ಬಳ ನಡತೆಯ ಪ್ರಶ್ನೆ ಆಗಿ ಉಳಿಯುವುದಿಲ್ಲ.

ಮೀ ಟೂ ಹಾಗೆ ಬಂತು. "ನನಗೂ" ಎಂಬ ಅರ್ಥದ ಆ ಎರಡು ಪದಗಳನ್ನು ಹೋರಾಟಕ್ಕೆ ಮೊದಲು ಬಳಸಿದವರು ತರಾನಾ ಬರ್ಕ್, 2006ರಲ್ಲಿ. ಅಮೆರಿಕದ ಕಪ್ಪು ಸಮುದಾಯದ ಕಾರ್ಯಕರ್ತೆ ಅವರು. ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಬಡ ಹುಡುಗಿಯರ ನಡುವೆ ಕೆಲಸ ಮಾಡುತ್ತಿದ್ದರು. ಹತ್ತು ವರ್ಷಕ್ಕೂ ಜಾಸ್ತಿ ಕಾಲ ಜಗತ್ತಿಗೆ ಅವರ ಹೆಸರು ಗೊತ್ತಿರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಹಾಲಿವುಡ್ ನಿರ್ಮಾಪಕ ಹಾರ್ವೆ ವೈನ್‌ಸ್ಟೀನ್ ವಿರುದ್ಧದ ಆರೋಪಗಳು ಪತ್ರಿಕೆಯಲ್ಲಿ ಬಂದವು. ಆಮೇಲೆ ನಟಿ ಅಲಿಸ್ಸಾ ಮಿಲಾನೋ "ನಿಮಗೂ ಹೀಗಾಗಿದ್ದರೆ ಮೀ ಟೂ ಅಂತ ಬರೆಯಿರಿ" ಅಂದರು. ಅಷ್ಟೇ, ಅದು ಹೊತ್ತಿಕೊಂಡಿತು. ಹುಡುಗಿಯರ ನಡುವೆ ಕೂತು ಕೆಲಸ ಮಾಡಿದವರ ಮಾತು ನಟಿಯ ಬಾಯಲ್ಲಿ ಬಂದಾಗಷ್ಟೇ ಜಗತ್ತಿಗೆ ಕೇಳಿಸಿತು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಭಾರತದಲ್ಲಿ ಅದೇ ತಿಂಗಳು ಪಟ್ಟಿಯೊಂದು ಆನ್‌ಲೈನ್‌ನಲ್ಲಿ ಬಂತು. ಕಿರುಕುಳ ಕೊಟ್ಟರೆನ್ನಲಾದ ಪ್ರಾಧ್ಯಾಪಕರ ಹೆಸರುಗಳು ಅದರಲ್ಲಿದ್ದವು. ಯಾರು ದೂರಿದರು, ಏನಾಯಿತು ಎಂಬ ವಿವರ ಇರಲಿಲ್ಲ. ಹಿರಿಯ ಸ್ತ್ರೀವಾದಿಗಳಲ್ಲೇ ಕೆಲವರು ಅದನ್ನು ಒಪ್ಪಲಿಲ್ಲ. ವಿಚಾರಣೆ ಇಲ್ಲದೆ ಹೆಸರು ಹಾಕಬಾರದು, ಅದಕ್ಕೆಂದೇ ಸಮಿತಿಗಳನ್ನು ಹೋರಾಡಿ ಪಡೆದಿದ್ದೇವೆ ಅಂದರು. ಕಿರಿಯರು ತಿರುಗಿ ಕೇಳಿದರು: ಆ ಸಮಿತಿಯಲ್ಲಿ ಕೂತವರು ಯಾರು? ಅದೇ ಪ್ರಾಧ್ಯಾಪಕರ ಗೆಳೆಯರಲ್ವಾ? ಎರಡೂ ಮಾತಿನಲ್ಲಿ ಸತ್ಯ ಇದೆ. ಹೆಸರು ಬಂದವನಿಗೂ ಉತ್ತರ ಕೊಡುವ ಅವಕಾಶ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದೂರು ಕೇಳಬೇಕಾದ ಕಡೆ ಕೇಳಿದ್ದರೆ ಆ ಪಟ್ಟಿ ಹುಟ್ಟುತ್ತಲೇ ಇರಲಿಲ್ಲ.

2018ರಲ್ಲಿ ಹಿಂದಿ ಚಿತ್ರರಂಗದಲ್ಲಿ ನಟಿ ತನುಶ್ರೀ ದತ್ತಾ ತಮಗಾದ ಕಿರುಕುಳದ ಬಗ್ಗೆ ಮಾತಾಡಿದರು. ಕನ್ನಡದಲ್ಲಿ ಶ್ರುತಿ ಹರಿಹರನ್ ಸಹನಟರೊಬ್ಬರ ಮೇಲೆ ಆರೋಪ ಮಾಡಿದರು, ಪೊಲೀಸರಿಗೆ ದೂರನ್ನೂ ಕೊಟ್ಟರು. ಆ ನಟರು ಆರೋಪವನ್ನು ಅಲ್ಲಗಳೆದರು. ಮುಂದೆ ಪೊಲೀಸರು ಸಾಕ್ಷ್ಯ ಸಿಗಲಿಲ್ಲವೆಂದು ವರದಿ ಸಲ್ಲಿಸಿದರು. ಮಾತಾಡಿದ ಮೇಲೆ ತಮಗೆ ಬರುತ್ತಿದ್ದ ಅವಕಾಶಗಳು ನಿಂತುಹೋದವು ಅಂತ ಶ್ರುತಿ ಹೇಳಿಕೊಂಡಿದ್ದಾರೆ. ತಮ್ಮ ಮೇಲೆ ಕಿರುಕುಳದ ಆರೋಪ ಮಾಡಿದ ಪತ್ರಕರ್ತೆ ಪ್ರಿಯಾ ರಮಣಿ ಅವರ ಮೇಲೆ ಆಗಿನ ಕೇಂದ್ರ ಸಚಿವ ಎಂ.ಜೆ. ಅಕ್ಬರ್ ಮಾನನಷ್ಟ ಮೊಕದ್ದಮೆ ಹೂಡಿದರು, ಸಚಿವ ಸ್ಥಾನವನ್ನೂ ಬಿಡಬೇಕಾಯಿತು. 2021ರ ಫೆಬ್ರವರಿ 17ರಂದು ದೆಹಲಿಯ ನ್ಯಾಯಾಲಯ ರಮಣಿ ಅವರನ್ನು ಖುಲಾಸೆ ಮಾಡಿತು. ಹೆಣ್ಣು ತನ್ನ ಅಹವಾಲನ್ನು ತಾನು ಆರಿಸಿಕೊಂಡ ವೇದಿಕೆಯಲ್ಲಿ, ದಶಕಗಳ ನಂತರವೂ ಹೇಳಬಹುದು ಎಂದಿತು ಆ ತೀರ್ಪು. ಘಟನೆ ನಡೆದ ಕಾಲದಲ್ಲಿ ದೂರು ಕೊಡಲು ಸರಿಯಾದ ವ್ಯವಸ್ಥೆಯೇ ಇರಲಿಲ್ಲ ಎಂಬುದನ್ನೂ ನ್ಯಾಯಾಲಯ ಗಮನಿಸಿತು. ನನ್ನ ಪ್ರಕಾರ ಮೀ ಟೂವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬಾಗಿಲು ಮುಚ್ಚಿದ್ದಕ್ಕೇ ಅವರು ಬೀದಿಗೆ ಬಂದು ಕೂಗಿದ್ದು.

ಕತ್ತರಿ ಹಿಡಿದವಳ ಪ್ರಶ್ನೆ

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ನಮ್ಮ ಕಾನೂನಿನ ಬೇರು ಹುಡುಕಿದರೆ ಒಂದು ಹಳ್ಳಿ ಸಿಗುತ್ತದೆ. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಕಾರ್ಯಕ್ರಮವೊಂದರಲ್ಲಿ ಹಳ್ಳಿಯ ಕಾರ್ಯಕರ್ತೆಯಾಗಿದ್ದರು. ಕುಂಬಾರ ಸಮುದಾಯದವರು. ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಮೇಲ್ಜಾತಿಯ ಗಂಡಸರು ಅವರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು ಎಂಬುದು ಪ್ರಕರಣ. ಕೆಳ ನ್ಯಾಯಾಲಯದಲ್ಲಿ ಆರೋಪಿಗಳು ಆ ಆರೋಪದಿಂದ ಪಾರಾದರು. ಈ ಪ್ರಕರಣದ ಹಿನ್ನೆಲೆಯಲ್ಲಿ 1992ರಲ್ಲೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. ಅಲ್ಲಿಂದ 1997ರಲ್ಲಿ ವಿಶಾಖಾ ಮಾರ್ಗಸೂಚಿ ಬಂತು, 2013ರಲ್ಲಿ ಅದು ಕಾನೂನಾಯಿತು. ಇವತ್ತು ಐಟಿ ಕಂಪನಿಯ ಎಸಿ ಕೋಣೆಯಲ್ಲಿ ಕೂತ ಸಮಿತಿ ಇದೆಯಲ್ಲ, ಅದು ಇರುವುದು ಬಿಸಿಲಲ್ಲಿ ಹಳ್ಳಿ ಸುತ್ತಿದ ಆ ಹೆಣ್ಣುಮಗಳಿಂದ. ಹಾಗಿದ್ದರೂ ಈ ಕಾನೂನು ದೊಡ್ಡ ಆಫೀಸಿನವರಿಗೆ ಮಾತ್ರ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ.

ಬಳ್ಳಾರಿಯ ಜೀನ್ಸ್ ದೊಡ್ಡ ಉದ್ಯಮ, ಆದರೆ ಅದು ನಡೆಯುವುದು ಸಣ್ಣ ಸಣ್ಣ ಘಟಕಗಳಲ್ಲಿ. ಬಟ್ಟೆ ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಕೌಲ್‌ಬಜಾರಿನ ಕಡೆ ಒಂದು ಕೋಣೆಯಲ್ಲಿ ನಾನು ಮಾತಾಡಿಸಿದ ಹೆಣ್ಣುಮಗಳು ನೆಲದ ಮೇಲೆ ಕೂತು ಹೊಲಿದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುತ್ತಿದ್ದಳು. ತೊಡೆಯ ಮೇಲೊಂದು ಪ್ಯಾಂಟು, ಎಡಗಡೆ ರಾಶಿ, ಬಲಗಡೆ ರಾಶಿ. ಮಾತಾಡುವಾಗಲೂ ಕತ್ತರಿ ನಿಲ್ಲಲಿಲ್ಲ, ಯಾಕೆಂದರೆ ಕೂಲಿ ಪೀಸಿನ ಲೆಕ್ಕದಲ್ಲಿ. ನೀಲಿ ಬಣ್ಣ ಉಗುರಿನ ಸಂದಿಗೆ ಇಳಿದಿತ್ತು. ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಏನು ಮಾಡುತ್ತೀರಿ ಅಂತ ಕೇಳಿದೆ.

"ಯಾರ ಮುಂದ ಹೇಳಾದಕ್ಕಾ? ಮಾಲೀಕ ಅಂದ್ರೂ ಅವನ, ಮೇಸ್ತ್ರಿ ಅಂದ್ರೂ ಅವನ ತಮ್ಮನ. ಕೆಲಸ ಬಿಟ್ಟು ಬ್ಯಾರೆ ಕಡಿ ಹೋಗಾದು ಅಷ್ಟ."

ಅವಳ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಪ್ರತಿ ಜಿಲ್ಲೆಯಲ್ಲೂ ಇದು ಕಡ್ಡಾಯ. ಮನೆಗೆಲಸದವರು ಕೂಡ ಇಲ್ಲಿಗೇ ದೂರು ಕೊಡಬಹುದು. ಗಂಗಾವತಿಯ ಅಕ್ಕಿ ಗಿರಣಿ, ಕಾರಟಗಿ ಗದ್ದೆಯ ನಾಟಿ ಕೂಲಿ, ಅಂಗಡಿ ಕೆಲಸ, ಎಲ್ಲದಕ್ಕೂ ಇದು ಅನ್ವಯಿಸುತ್ತದೆ. ಸಮಿತಿಗೆ ಹೆಣ್ಣುಮಗಳೇ ಅಧ್ಯಕ್ಷೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತ ಸಮುದಾಯದ ಒಬ್ಬ ಮಹಿಳೆಯಾದರೂ ಸದಸ್ಯೆಯಾಗಿರಬೇಕು. ದೂರು ಬರವಣಿಗೆಯಲ್ಲಿ, ಘಟನೆ ನಡೆದು ಮೂರು ತಿಂಗಳೊಳಗೆ. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದವರಿಗೆ ಬರೆದುಕೊಳ್ಳಲು ನೆರವು ಕೊಡುವುದು ಸಮಿತಿಯದೇ ಹೊಣೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

ಕತ್ತರಿ ಹಿಡಿದವಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಅವಳ ತಪ್ಪಲ್ಲ, ಅವಳಿಗೆ ಯಾರೂ ಹೇಳಿಲ್ಲ. ಮೀ ಟೂ ಬಗ್ಗೆ ಟೀವಿಯಲ್ಲಿ ವಾರಗಟ್ಟಲೆ ಚರ್ಚೆ ನಡೆದಾಗ ನಟ-ನಟಿಯರ ಫೋಟೋ ಮತ್ತೆ ಮತ್ತೆ ಬಂತು. ಸ್ಥಳೀಯ ಸಮಿತಿ ಎಲ್ಲಿದೆ ಅಂತ ಪರದೆಯ ಕೆಳಗೆ ಒಂದು ಸಾಲು ಓಡಿಸಿದ್ದರೂ ಎಷ್ಟೋ ಆಗುತ್ತಿತ್ತು.

ಚಿತ್ರರಂಗದಲ್ಲೂ ಇದೇ ಕಥೆ. ಕೇರಳದಲ್ಲಿ 2017ರಲ್ಲಿ ನಟಿಯೊಬ್ಬರ ಮೇಲೆ ದೌರ್ಜನ್ಯ ನಡೆದ ಮೇಲೆ ಅಲ್ಲಿನ ಕಲಾವಿದೆಯರು ಸಂಘಟನೆ ಕಟ್ಟಿಕೊಂಡು ಒತ್ತಾಯಿಸಿದರು. ನ್ಯಾಯಮೂರ್ತಿ ಹೇಮಾ ಸಮಿತಿ ರಚನೆಯಾಯಿತು. 2019ರ ಕೊನೆಗೆ ಸಲ್ಲಿಕೆಯಾದ ವರದಿ ಹೊರಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಅದರ ಬೆನ್ನಿಗೆ ನಮ್ಮಲ್ಲಿ ಫೈರ್ ಎಂಬ ಸಂಘಟನೆಯ ಮನವಿಗೆ 150ಕ್ಕೂ ಹೆಚ್ಚು ಜನ ಸಹಿ ಹಾಕಿ, ಕನ್ನಡ ಚಿತ್ರರಂಗಕ್ಕೂ ಅಂಥ ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಕೊಟ್ಟರು. ಕೇರಳದವರಿಗೆ ಅಷ್ಟಾದರೂ ಸಾಧ್ಯವಾದದ್ದು ಟ್ವೀಟ್‌ಗಳಿಂದಲ್ಲ. ಒಂದು ಗುಂಪು ಏಳು ವರ್ಷ ಬಿಡದೆ ಬೆನ್ನುಹತ್ತಿತು.

ಪರದೆಯ ಮೇಲಿನ ಹೆಣ್ಣು

ಸಿನಿಮಾಗಳನ್ನು ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಅಮೆರಿಕದ ಕಾರ್ಟೂನಿಸ್ಟ್ ಅಲಿಸನ್ ಬೆಕ್ಡಲ್ 1985ರಲ್ಲಿ ತಮ್ಮ ಕಾರ್ಟೂನ್ ಸರಣಿಯಲ್ಲಿ ಅದನ್ನು ಬರೆದರು. ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಅಲ್ಲದೆ ಬೇರೆ ಯಾವುದರದಾದರೂ ಆಗಿರಬೇಕು. ನೀವು ಕೊನೆಯದಾಗಿ ನೋಡಿದ ಸಿನಿಮಾಕ್ಕೆ ಹಚ್ಚಿ ನೋಡಿ. ಸೋಲುವ ಸಿನಿಮಾಗಳು ಬಹಳ ಇವೆ. ಪರೀಕ್ಷೆ ಪಾಸಾದ ಮಾತ್ರಕ್ಕೆ ಸಿನಿಮಾ ಒಳ್ಳೆಯದು ಅಂತ ಅಲ್ಲ. ನಮ್ಮ ಸೀರಿಯಲ್‌ಗಳಲ್ಲಿ ಹೆಂಗಸರು ದಿನವಿಡೀ ಹೆಂಗಸರ ಜೊತೆಗೇ ಮಾತಾಡುತ್ತಾರೆ. ಆದರೆ ಆ ಮಾತೆಲ್ಲ ಯಾರಿಗೆ ವಿಷ ಹಾಕಬೇಕು, ಯಾರ ತಾಳಿ ಉಳಿಯಬೇಕು ಎಂಬುದರ ಸುತ್ತಲೇ ಇರುತ್ತದೆ.

ಸಿನಿಮಾ ವಿಮರ್ಶಕಿ ಲಾರಾ ಮಲ್ವಿ 1975ರಲ್ಲಿ ಇನ್ನೊಂದು ವಿಷಯ ಹೇಳಿದರು. ಕ್ಯಾಮೆರಾ ನಿಂತಿರುವುದೇ ಗಂಡಸಿನ ಕಣ್ಣಿನ ಜಾಗದಲ್ಲಿ. ನೋಡುವವನು ಅವನು, ನೋಡಿಸಿಕೊಳ್ಳುವವಳು ಅವಳು. ಐಟಂ ಹಾಡಿನಲ್ಲಿ ಮೊದಲು ಸೊಂಟ ಬಂದು ಆಮೇಲೆ ಮುಖ ಬರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರಿಂದ ಏನಾಗುತ್ತದೆ? ಸಿನಿಮಾ ನೋಡಿ ಯಾರೂ ಕೆಡುವುದಿಲ್ಲ ಅನ್ನುವವರಿದ್ದಾರೆ. ನಾನು ಹೇಳುವುದು ಇಷ್ಟೇ. ಹುಡುಗಿಯ ಹಿಂದೆ ಕಾಲೇಜಿನವರೆಗೆ ಬರುವುದು, ಬೇಡ ಅಂದರೂ ನಂಬರ್ ಹುಡುಕಿ ಫೋನ್ ಮಾಡುವುದು, ಮನೆ ಮುಂದೆ ನಿಲ್ಲುವುದು, ಇವೆಲ್ಲ ತೆರೆಯ ಮೇಲೆ ಪ್ರೀತಿ. ಹಾಡು ಮುಗಿಯುವಷ್ಟರಲ್ಲಿ ಅವಳು ಒಪ್ಪಿರುತ್ತಾಳೆ. ಆದರೆ 2013ರಿಂದ ಕಾನೂನಿನಲ್ಲಿ ಇದು ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಅವಳು ಇಂಟರ್ನೆಟ್‌ನಲ್ಲಿ ಏನು ಮಾಡುತ್ತಾಳೆ ಅಂತ ಕದ್ದು ಗಮನಿಸುತ್ತಿರುವುದೂ ಅದರಲ್ಲೇ ಸೇರಿದೆ. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ಹದಿನೆಂಟರ ಹುಡುಗನಿಗೆ ಹಾಡು ಬಾಯಿಪಾಠ, ಸೆಕ್ಷನ್ ಗೊತ್ತಿಲ್ಲ. ಅವನಿಗೂ ನಾವು ಅನ್ಯಾಯ ಮಾಡಿದ್ದೇವೆ.

ಜಾಹೀರಾತಿನ ಸ್ತ್ರೀವಾದದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾರ್ಚ್ 8 ಬಂದರೆ ಕುಕ್ಕರ್, ಕ್ರೀಮು, ಚಿನ್ನ ಮಾರುವವರೆಲ್ಲ ಹೆಣ್ಣಿನ ಶಕ್ತಿಯ ಬಗ್ಗೆ ಮಾತಾಡುತ್ತಾರೆ. ಗಂಡನೂ ಬಟ್ಟೆ ಒಗೆಯಲಿ ಎನ್ನುವ ಜಾಹೀರಾತು ನೋಡಿ ಒಂದು ಮನೆಯಲ್ಲಿ ಒಬ್ಬನಾದರೂ ಎದ್ದು ಒಗೆದರೆ ಸಂತೋಷವೇ. ಆದರೆ ಕೊಳ್ಳಲು ದುಡ್ಡಿರುವವಳ ಬಿಡುಗಡೆಯ ಬಗ್ಗೆ ಮಾತ್ರ ಅಲ್ಲಿ ಮಾತು.

ಮುಟ್ಟಿನ ವಿಷಯವನ್ನು ಆನ್‌ಲೈನ್ ಹೋರಾಟದ ಗೆಲುವು ಅಂತ ಎಣಿಸಬಹುದು. 2017ರಲ್ಲಿ ಪ್ಯಾಡ್ ಮೇಲೆ ಶೇ. 12ರಷ್ಟು ಜಿಎಸ್‌ಟಿ ಬಂದಾಗ ಆನ್‌ಲೈನ್‌ನಲ್ಲಿ ದೊಡ್ಡ ವಿರೋಧ ಎದ್ದಿತು. 2018ರ ಜುಲೈನಲ್ಲಿ ತೆರಿಗೆ ತೆಗೆದರು. ಮನೆಯಲ್ಲಿ ಪೇಪರಿನಲ್ಲಿ ಸುತ್ತಿ ತರುತ್ತಿದ್ದ ವಸ್ತುವಿನ ಬಗ್ಗೆ ಸಂಸತ್ತಿನವರೆಗೆ ಮಾತು ಹೋಯಿತು. ಸಣ್ಣ ಸಂಗತಿಯಲ್ಲ ಇದು. 2025ರ ಅಕ್ಟೋಬರ್‌ನಲ್ಲಿ ನಮ್ಮ ಸಚಿವ ಸಂಪುಟ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಬಹಳ ಒಳ್ಳೆಯದು. ಆದರೆ ಪೀಸಿನ ಲೆಕ್ಕದಲ್ಲಿ ದಾರ ಕತ್ತರಿಸುವವಳಿಗೆ, ಎಕರೆ ಗುತ್ತಿಗೆಯಲ್ಲಿ ನಾಟಿ ಮಾಡುವವಳಿಗೆ ರಜೆ ಅಂದರೆ ಆ ದಿನದ ಕೂಲಿ ಇಲ್ಲ. ಅವರ ಬಗ್ಗೆ ಯಾರು ಬರೆಯುತ್ತಾರೆ?

ಯಾರ ನೋವು ಟ್ರೆಂಡ್ ಆಗುತ್ತದೆ

ಇಲ್ಲಿ ಕಿಂಬರ್ಲೆ ಕ್ರೆನ್‌ಶಾ ಎಂಬ ಕಾನೂನು ಪ್ರಾಧ್ಯಾಪಕಿಯ ವಿಚಾರ ಬೇಕು. 1989ರಲ್ಲಿ ಅವರು ಜನರಲ್ ಮೋಟಾರ್ಸ್ ಕಂಪನಿಯ ಮೇಲಿನ ಒಂದು ಹಳೆಯ ಪ್ರಕರಣವನ್ನು ಎತ್ತಿಕೊಂಡರು. ಕಪ್ಪು ಹೆಣ್ಣುಮಕ್ಕಳು ತಮಗೆ ಭೇದ ಮಾಡಿದ್ದಾರೆಂದು ಕೋರ್ಟಿಗೆ ಹೋಗಿದ್ದರು. ಕಂಪನಿಯಲ್ಲಿ ಹೆಂಗಸರಿದ್ದಾರೆ, ಆದ್ದರಿಂದ ಹೆಣ್ಣೆಂಬ ಭೇದ ಇಲ್ಲ ಅಂದಿತು ಕೋರ್ಟು. ಆ ಹೆಂಗಸರೆಲ್ಲ ಬಿಳಿಯರು. ಕಪ್ಪು ಜನರಿದ್ದಾರೆ, ಆದ್ದರಿಂದ ಬಣ್ಣದ ಭೇದವೂ ಇಲ್ಲ. ಅವರೆಲ್ಲ ಗಂಡಸರು. ಎರಡೂ ಆದವಳು ಯಾವ ಲೆಕ್ಕಕ್ಕೂ ಬರಲಿಲ್ಲ. ಎರಡು ಅನ್ಯಾಯಗಳು ಕೂಡುವ ಜಾಗದಲ್ಲಿ ನಿಂತವಳು ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಕ್ರೆನ್‌ಶಾ ತೋರಿಸಿದರು.

ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ಕಾನೂನು 1982ರದು. ಮುತ್ತು ಕಟ್ಟಿಸಿಕೊಂಡವರು ಹೆಚ್ಚುಕಡಿಮೆ ಎಲ್ಲರೂ ದಲಿತ ಹೆಣ್ಣುಮಕ್ಕಳು. ಅವರದು ಹೆಣ್ಣಿನ ಪ್ರಶ್ನೆಯೂ ಹೌದು, ಜಾತಿಯ ಪ್ರಶ್ನೆಯೂ ಹೌದು. ಬಳ್ಳಾರಿ, ಕೊಪ್ಪಳ, ರಾಯಚೂರಿನ ತಾಯಂದಿರು ಪಿಂಚಣಿಗಾಗಿ, ಮನೆಗಾಗಿ, ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಕೇಳಬೇಡಿ ಎಂದು ವರ್ಷಗಟ್ಟಲೆ ಧರಣಿ ಕೂತಿದ್ದಾರೆ. 2025ರಲ್ಲಿ ವಿಧಾನಮಂಡಲ ಹೊಸ ಮಸೂದೆಯನ್ನು ಅಂಗೀಕರಿಸಿತು, ತಂದೆಯ ಹೆಸರಿನ ಕಡ್ಡಾಯವನ್ನು ತೆಗೆಯುವ ಮಾತು ಅದರಲ್ಲಿದೆ. ಈ ಹೋರಾಟ ಡಿಸಿ ಕಚೇರಿ ಮುಂದಿನ ಶಾಮಿಯಾನದಲ್ಲಿ ನಡೆದದ್ದು. ಟ್ರೆಂಡ್ ಆಗಿದ್ದು ಕಡಿಮೆ.

ಮುಸ್ಲಿಂ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೊಂದು ರೂಪ ತಾಳಿತು. 2021ರಲ್ಲಿ ಒಂದು, 2022ರ ಜನವರಿಯಲ್ಲಿ ಇನ್ನೊಂದು ಆ್ಯಪ್ ಬಂತು. ಆನ್‌ಲೈನ್‌ನಲ್ಲಿ ಧೈರ್ಯವಾಗಿ ಬರೆಯುತ್ತಿದ್ದ ಮುಸ್ಲಿಂ ಮಹಿಳೆಯರ ಫೋಟೋ ಹಾಕಿ "ಹರಾಜು" ಹಾಕಿದರು. ಬಂಧಿತರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯೂ ಇದ್ದ. ಹೆಣ್ಣು ಎಂಬುದಕ್ಕೋ, ಮುಸ್ಲಿಂ ಎಂಬುದಕ್ಕೋ? ಬೇರೆ ಮಾಡಿ ನೋಡಲು ಆಗುವುದಿಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಡಿಸೆಂಬರ್ ಮೊದಲ ವಾರದೊಳಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಐದು ಜನ ತಾಯಂದಿರು. ಅವರಿಗೆ ಡ್ರಿಪ್ ಮೂಲಕ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಪತ್ರಿಕೆಗಳು ಬರೆದವು, ವಿರೋಧ ಪಕ್ಷ ಗಲಾಟೆ ಮಾಡಿತು. ಆದರೆ ಇದನ್ನು ಸ್ತ್ರೀವಾದದ ವಿಷಯ ಅಂತ ಮಾತಾಡಿದವರು ಎಷ್ಟು ಜನ? ನಟಿಯ ಉಡುಪಿನ ಬಗ್ಗೆ ಕಾಮೆಂಟ್ ಬಂದರೆ ಅದು ಹೆಣ್ಣಿನ ಪ್ರಶ್ನೆ, ಸರ್ಕಾರಿ ಆಸ್ಪತ್ರೆಯಲ್ಲಿ ಬಡ ಬಾಣಂತಿ ಸತ್ತರೆ ಅದು ಆರೋಗ್ಯ ಇಲಾಖೆಯ ಪ್ರಶ್ನೆ ಅಂತ ಹೇಗೋ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನನಗೆ ಇವೆರಡರಲ್ಲಿ ಎರಡನೆಯದೇ ದೊಡ್ಡದು.

ಫೋನ್ ಕಸಿದುಕೊಂಡರೆ

ಕೊಪ್ಪಳ ಕಡೆಯ ಒಬ್ಬ ಡಿಗ್ರಿ ಹುಡುಗಿ ಜಾನಪದ ಹಾಡಿಗೆ ರೀಲ್ಸ್ ಮಾಡುತ್ತಿದ್ದಳು. ಕೆಳಗೆ ಬರುತ್ತಿದ್ದ ಮಾತುಗಳನ್ನು ತೋರಿಸಿದಳು. "ಮನ್ಯಾಗ ಹೇಳೋರು ಕೇಳೋರು ಇಲ್ಲೇನು?" ಅದು ಅವುಗಳಲ್ಲಿ ಮರ್ಯಾದಸ್ಥ ಮಾತು. ರೇಟು ಕೇಳಿದವರಿದ್ದರು. ಒಬ್ಬ ಅವಳ ಮುಖವನ್ನು ಬೇರೆ ಫೋಟೋಗೆ ಅಂಟಿಸಿ ಕಳಿಸಿದ್ದ. ದೂರು ಕೊಡು ಅಂದೆ.

"ಮನಿಯಾಗ ಹೇಳಿದ್ರ ಮೊದ್ಲು ಫೋನ್ ಕಸ್ಕೊಂತಾರ್ರೀ. ಆಮ್ಯಾಲೆ ಕಾಲೇಜು ಬಿಡಸ್ತಾರ."

ಟ್ರೋಲ್ ಮಾಡುವವನಿಗೆ ಇದು ಗೊತ್ತು. ಅವನು ಅವಳನ್ನು ಸುಮ್ಮನಾಗಿಸಬೇಕಿಲ್ಲ, ಅವಳ ಮನೆಯವರಿಗೆ ಹೆದರಿಕೆ ಹುಟ್ಟಿಸಿದರೆ ಸಾಕು, ಉಳಿದದ್ದನ್ನು ಅವರೇ ಮಾಡುತ್ತಾರೆ. ಹಾಗಾಗಿ ಈ ವಿಷಯದಲ್ಲಿ ನಾನು ಹೇಳುವುದು ಹುಡುಗಿಯರಿಗಿಂತ ಅಪ್ಪ, ಅವ್ವ, ಅಣ್ಣಂದಿರಿಗೆ. ಫೋನ್ ಕಸಿಯಬೇಡಿ. ಬಂದದ್ದರ ಸ್ಕ್ರೀನ್‌ಶಾಟ್ ತೆಗೆದಿಡಿ, ಖಾತೆಯ ಹೆಸರು, ದಿನ, ಸಮಯ ಕಾಣುವ ಹಾಗೆ. ಅಳಿಸಬೇಡಿ, ಅದೇ ಸಾಕ್ಷಿ. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಕೇಂದ್ರ ಗೃಹ ಇಲಾಖೆಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳ ಮೇಲಿನ ಇಂಥ ಅಪರಾಧಗಳನ್ನು ಹೆಸರು ಹೇಳದೆಯೂ ದಾಖಲಿಸಬಹುದು. ಖಾಸಗಿ ಅಥವಾ ತಿರುಚಿದ ಫೋಟೋ ಬಂದರೆ ದೂರು ಸಿಕ್ಕ 24 ಗಂಟೆಯಲ್ಲಿ ತೆಗೆಯಬೇಕು ಅಂತ 2021ರ ಐಟಿ ನಿಯಮಗಳೇ ಕಂಪನಿಗಳಿಗೆ ಗಡುವು ಹಾಕಿದವು.

ಇನ್ನೊಂದು ಉಪಾಯ ಬಹಳ ಜನರಿಗೆ ಗೊತ್ತಿಲ್ಲ. ಸ್ಟಾಪ್ ಎನ್‌ಸಿಐಐ ಅಂತ ಒಂದು ಜಾಲತಾಣವಿದೆ, ಖಾಸಗಿ ಫೋಟೋ ಹರಡದಂತೆ ತಡೆಯಲು. 2021ರಿಂದ ನಡೆಯುತ್ತಿದೆ. ಹದಿನೆಂಟು ದಾಟಿದವರು ಬಳಸಬಹುದು. ಫೋಟೋವನ್ನು ಯಾರಿಗೂ ಕಳಿಸಬೇಕಿಲ್ಲ. ನಿಮ್ಮ ಫೋನಿನಲ್ಲೇ ಆ ಫೋಟೋದಿಂದ ಅಂಕಿ-ಅಕ್ಷರಗಳ ಒಂದು ಗುರುತು ತಯಾರಾಗುತ್ತದೆ. ಆ ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಥರದ ಕಂಪನಿಗಳಿಗೆ ಹೋಗುತ್ತದೆ. ಅದೇ ಫೋಟೋವನ್ನು ಯಾರಾದರೂ ಅಲ್ಲಿ ಹಾಕಲು ಹೋದರೆ ಗುರುತು ಹೊಂದಿ ಸಿಕ್ಕಿಬೀಳುತ್ತದೆ. ಬೆದರಿಕೆ ಬಂದ ದಿನವೇ ಇದನ್ನು ಮಾಡಬಹುದು, ಫೋಟೋ ಹರಡುವವರೆಗೆ ಕಾಯಬೇಕಿಲ್ಲ.

ಹಿಂದೆ ಜನ ಇದ್ದಾಗ

ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಹೋರಾಟ ಕಲಿಸಿದ್ದು ಫೋನಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಗಬೇಕೆಂದು ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಸುಮಾರು 200 ಕಿಲೋಮೀಟರ್. ಅವರಲ್ಲಿ ರಾಯಚೂರು ಕಡೆಯಿಂದ ಬಂದವರು ಬಹಳ ಇದ್ದರು, ಆ ಆಂದೋಲನ ಗಟ್ಟಿಯಾಗಿ ಬೇರುಬಿಟ್ಟದ್ದೂ ಅಲ್ಲೇ. ಕುಡಿದು ಬಂದ ಗಂಡನ ಹೊಡೆತ, ಹೋದ ಕೂಲಿ, ಅಡವಿಟ್ಟ ತಾಳಿ, ಇವೇ ಅವರ ಸ್ತ್ರೀವಾದದ ಪಾಠಗಳು. ಬಹಳ ಜನಕ್ಕೆ ಸ್ತ್ರೀವಾದ ಎಂಬ ಹೆಸರೇ ಬೇಕಿರಲಿಲ್ಲ. ಕೇಳಿದ್ದು ಪೂರ್ತಿ ಸಿಗಲಿಲ್ಲ. ಆದರೆ ಆ ಹಾದಿಯಲ್ಲಿ ಜೊತೆಯಾಗಿ ನಡೆದವರು ಆಮೇಲೆ ಪಂಚಾಯಿತಿಯಲ್ಲಿ, ಠಾಣೆಯಲ್ಲಿ ಒಬ್ಬೊಬ್ಬರೇ ನಿಲ್ಲಬೇಕಾಗಲಿಲ್ಲ.

ಅಂಥ ಜನಕ್ಕೆ ಫೋನು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಆಶಾ ಕಾರ್ಯಕರ್ತೆಯರನ್ನು ನೋಡಿ. ಕೆಲಸಕ್ಕೆ ಅವರು ಫೋನ್ ಹಿಡಿಯಲೇಬೇಕು, ಗರ್ಭಿಣಿಯರ ಲೆಕ್ಕ, ಲಸಿಕೆಯ ಲೆಕ್ಕ ಎಲ್ಲ ಅದರಲ್ಲೇ. ವರದಿ ಕಳಿಸುವ ವಾಟ್ಸ್ಆ್ಯಪ್ ಗುಂಪುಗಳಿದ್ದ ಹಾಗೇ ಸಂಘದ ಗುಂಪುಗಳೂ ಹುಟ್ಟಿದವು. 2025ರ ಜನವರಿಯಲ್ಲಿ ರಾಜ್ಯದ ಮೂಲೆ ಮೂಲೆಯಿಂದ ಸಾವಿರಾರು ಜನ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂತರು. ಚಳಿಯಲ್ಲಿ ರಾತ್ರಿ ಅಲ್ಲೇ ಮಲಗಿದರು. ನಾಲ್ಕನೇ ದಿನ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವ ಹಾಗೆ ಮಾಡುತ್ತೇವೆಂದು ಸರ್ಕಾರ ಭರವಸೆ ಕೊಟ್ಟಿತು. ಆ ಭರವಸೆ ಪೂರ್ತಿ ಜಾರಿಯಾಗಲಿ ಎಂದು ಅವರು ಮತ್ತೆ ಬೀದಿಗೆ ಇಳಿಯಬೇಕಾಯಿತು. ಇಲ್ಲಿ ಫೋನ್ ಇದ್ದದ್ದು ತೋರಿಸಿಕೊಳ್ಳಲು ಅಲ್ಲ, ಬಸ್ ಎಷ್ಟು ಹೊತ್ತಿಗೆ, ಯಾರ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಅನ್ನ ಎಲ್ಲಿ ಅಂತ ತಿಳಿಸಲು.

ನಾವು ಬೆಳೆಸಬೇಕಾದ ಆನ್‌ಲೈನ್ ಹೋರಾಟ ಇದು ಅಂತ ನನಗನಿಸುತ್ತದೆ. ಹ್ಯಾಶ್‌ಟ್ಯಾಗ್ ಬೇಡ ಅಂತಲ್ಲ. ಬಾಗಿಲು ಮುಚ್ಚಿದ್ದಾರೆಂದು ಊರಿಗೆ ತಿಳಿಸಲು ಅದು ಬೇಕು. ಆದರೆ ಬಾಗಿಲು ತೆರೆಸುವ ಕೆಲಸ ಬೇರೆ ಇದೆ, ಅದು ಈ ವಾರವೇ ಶುರು ಮಾಡಬಹುದಾದಷ್ಟು ಹತ್ತಿರ ಇದೆ.

ಸ್ಥಳೀಯ ಸಮಿತಿಯ ವಿಷಯಕ್ಕೇ ಬನ್ನಿ. ಕಾನೂನಿನ ಪ್ರಕಾರ ಪ್ರತಿ ತಾಲೂಕಿನಲ್ಲಿ, ಪಟ್ಟಣವಾದರೆ ವಾರ್ಡು ಅಥವಾ ನಗರಸಭೆಯ ಮಟ್ಟದಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕು. ದೂರು ಅವರ ಕೈಗೆ ಕೊಟ್ಟರೆ ಸಾಕು, ಏಳು ದಿನದಲ್ಲಿ ಸಮಿತಿಗೆ ಮುಟ್ಟಿಸಬೇಕು. ಸಂಡೂರಿನವಳು ಬಳ್ಳಾರಿಗೆ, ಕುಷ್ಟಗಿಯವಳು ಕೊಪ್ಪಳಕ್ಕೆ, ಲಿಂಗಸುಗೂರಿನವಳು ರಾಯಚೂರಿಗೆ ಅಲೆಯಬೇಕಿಲ್ಲ. ಈ ಸಮಿತಿಗಳನ್ನು, ನೋಡಲ್ ಅಧಿಕಾರಿಗಳನ್ನು ಗಡುವಿನೊಳಗೆ ನೇಮಿಸಿ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಎಲ್ಲ ರಾಜ್ಯಗಳಿಗೆ ಆದೇಶಿಸಿದೆ. ನಿಮ್ಮ ತಾಲೂಕಿನಲ್ಲಿ ಆ ಅಧಿಕಾರಿ ಯಾರು, ಸಮಿತಿಯ ಸದಸ್ಯರು ಯಾರು, ಕಳೆದ ವರ್ಷ ಎಷ್ಟು ದೂರು ಬಂದವು ಅಂತ ಮಾಹಿತಿ ಹಕ್ಕಿನ ಅಡಿ ಜಿಲ್ಲಾಧಿಕಾರಿ ಕಚೇರಿಗೆ ಬರೆದು ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಂದ ಹೆಸರು, ವಿಳಾಸವನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಒಂದು ಫೋಟೋ ತೆಗೆಯಿರಿ. ಓಣಿಯ ಸ್ವಸಹಾಯ ಸಂಘದ ಗುಂಪಿಗೆ, ಅಂಗನವಾಡಿ ಟೀಚರಿಗೆ, ಆಶಾ ಅಕ್ಕನಿಗೆ, ಜೀನ್ಸ್ ಘಟಕದಲ್ಲಿ ಕೆಲಸ ಮಾಡುವ ಗೆಳತಿಗೆ ಕಳಿಸಿ. ಓದಲು ಬಾರದವರಿಗೆ ಅದನ್ನೇ ಓದಿ ವಾಯ್ಸ್ ಮೆಸೇಜ್ ಮಾಡಿ.